ಷಡ್ಡಕನ ಭಾನುವಾರ

ಒಂದೇ ಖಾಕಿ, ಒಂದೇ ಸಂಬಳ, ಪೊಲೀಸ್ ಕ್ವಾರ್ಟರ್ಸಿನಲ್ಲಿ ಒಂದೇ ಗೋಡೆಯ ಆಚೆ ಈಚೆ ಮನೆ. ಆದರೆ ಷಡ್ಡಕನಿಗೆ, ಅಂದರೆ ಹೆಂಡತಿಯ ಅಕ್ಕನ ಗಂಡನಿಗೆ, ಕಂಟ್ರೋಲ್ ರೂಮಿನಲ್ಲಿ ಫ್ಯಾನಿನ ಕೆಳಗೆ ಕುರ್ಚಿ. ಇವನಿಗೆ ನಾಲ್ಕು ರಸ್ತೆ ಕೂಡುವಲ್ಲಿ ಹೊಗೆ, ಬಿಸಿಲು, ಉಬ್ಬಿದ ಕಾಲಿನ ನರ. ಅಷ್ಟನ್ನೂ ಈ ಟ್ರಾಫಿಕ್ ಪೇದೆ ಹೇಗೋ ನುಂಗಿಕೊಂಡಿದ್ದ. ನುಂಗಲಾಗದ್ದು ಷಡ್ಡಕನ ಭಾನುವಾರ. ಅವನ ವಾರದ ರಜೆ ಕಲ್ಲಿನಲ್ಲಿ ಕೆತ್ತಿದ್ದು. ಇವನದು ನೀರಿನ ಮೇಲೆ ಬರೆದದ್ದು. ಯಾವ ದೊಡ್ಡ ಮನುಷ್ಯ ಊರಿಗೆ ಬಂದರೂ ಬಂದೋಬಸ್ತಿನ ಹೆಸರಲ್ಲಿ ಮೊದಲು ಹಾರುವುದು ಇವನ ರಜೆಯೇ.

ಆ ಭಾನುವಾರಗಳಲ್ಲಿ ಷಡ್ಡಕ ಇವನ ಮಗಳಿಗೆ ಸೈಕಲ್ ಕಲಿಸತೊಡಗಿದ. ಡ್ಯೂಟಿ ಮುಗಿಸಿ ಬಂದರೆ ಮನೆಯಲ್ಲಿ ಅದೇ ಪುರಾಣ: “ದೊಡ್ಡಪ್ಪ ಹಿಂಗೆ ಹಿಡ್ಕೊಂಡ್ರು, ದೊಡ್ಡಪ್ಪ ಹಂಗೆ ಓಡಿದ್ರು.”

ಹೆಂಡತಿ ಉರಿಯುವ ಬೆಂಕಿಗೆ ತುಪ್ಪ ಸುರಿದಳು: “ಭಾವ ಇದ್ದಿದ್ದಕ್ಕೆ ಆಯ್ತು. ನಿಮ್ಮನ್ನ ನಂಬ್ಕೊಂಡಿದ್ರೆ ಮದ್ವೆ ವಯಸ್ಸಿಗೆ ಕಲೀತಿದ್ಲು.”

ಕೆಟ್ಟವನ ಮೇಲಿನ ಹೊಟ್ಟೆಕಿಚ್ಚನ್ನು ಬೈದಾದರೂ ಆರಿಸಬಹುದು. ಒಳ್ಳೆಯವನ ಮೇಲಿನದಕ್ಕೆ ಮದ್ದಿಲ್ಲ. ಇವನು ಇನ್ಸ್‌ಪೆಕ್ಟರರ ಕೈಕಾಲು ಹಿಡಿದು ಒಂದು ಭಾನುವಾರ ರಜೆ ಗಿಟ್ಟಿಸಿದ.

“ಇವತ್ತು ನಾನೇ ಕಲಿಸ್ತೀನಿ, ನೀವು ಆರಾಮಾಗಿ ಕೂತ್ಕೊಳ್ಳಿ” ಎಂದು ಷಡ್ಡಕನನ್ನು ಮೆಟ್ಟಿಲ ಮೇಲೆ ಕೂರಿಸಿದ. ಮಾತಿನಲ್ಲಿ ಜೇನು, ಒಳಗೆ ಕೆಂಡ.

ಅಂಗಳದ ಆ ತುದಿಯಿಂದ ಮಗಳು ಒಬ್ಬಳೇ ತುಳಿಯುತ್ತ ಬಂದಳು. ಸೈಕಲ್ ಓಲಾಡಿತು.

“ಅಪ್ಪಾ, ಹಿಡ್ಕೋ!”

ಎರಡೂ ಕೈ ಚಾಚಬೇಕಿತ್ತು. ಹಾಳು ಅಭ್ಯಾಸ! ಇವನು ನೆಟ್ಟಗೆ ನಿಂತು ಅಂಗೈ ಮುಂದೊಡ್ಡಿದ, ಲಾರಿ ನಿಲ್ಲಿಸುವ ಹಾಗೆ. ಮಗಳು ಗಕ್ಕನೆ ಬ್ರೇಕ್ ಹಿಡಿದು ಮುಗ್ಗರಿಸಿ ಬಿದ್ದಳು.

ಇವನು ಬಗ್ಗುವಷ್ಟರಲ್ಲಿ ಷಡ್ಡಕ ಓಡಿಬಂದಿದ್ದ. ಮಗಳು ಅವನ ಕೊರಳಿಗೇ ಜೋತುಬಿದ್ದು ಅತ್ತಳು.

“ಏನೂ ಆಗಿಲ್ಲ ಪುಟ್ಟಿ, ಮಂಡಿ ತರಚಿದೆ ಅಷ್ಟೆ” ಎಂದ ಷಡ್ಡಕ. ಇವನಿಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಜಗಳವಾದರೂ ಆಡಬಹುದಿತ್ತು.

ಅಷ್ಟರಲ್ಲಿ ಠಾಣೆಯಿಂದ ಫೋನ್ ಬಂತು: “ಬಂದೋಬಸ್ತ್ ಇದೆ. ರಜೆ ಕ್ಯಾನ್ಸಲ್, ಬೇಗ ಬಾರಪ್ಪ.”

ಸಮವಸ್ತ್ರ ತೊಟ್ಟು ಹೊರಬಂದಾಗ ಮಗಳು ಆಗಲೇ ಸೈಕಲ್ ಏರಿದ್ದಳು. ಸೀಟು ಷಡ್ಡಕನ ಕೈಯಲ್ಲಿತ್ತು. ಹೋಗಬೇಡ ಎಂದು ಒಂದು ಸಲ ಹಟ ಮಾಡಲಿ ಎಂದು ಇವನು ಬೇಕೆಂದೇ ಗೇಟಿನ ಬಳಿ ಟೋಪಿ ಸರಿಮಾಡಿಕೊಳ್ಳುತ್ತ ನಿಂತ.

“ಹೋಗಪ್ಪಾ, ಲೇಟಾಗುತ್ತೆ” ಎಂದಳು ಮಗಳು. “ದೊಡ್ಡಪ್ಪ ಇದಾರಲ್ಲ.”