ಸೈಡ್ ಸ್ಟ್ಯಾಂಡು

ಹೆಂಡತಿ ಇನ್ನೂ ಕನ್ನಡಿ ಮುಂದೆಯೇ ಇದ್ದಾಳೆಂದು ಖಾತ್ರಿ ಮಾಡಿಕೊಂಡು ಕಾಶಿರಾಯ ಗಾಡಿಯ ಎಡಬದಿಗೆ ಕುಕ್ಕರುಗಾಲಲ್ಲಿ ಕುಳಿತ. ಸೈಕಲ್ ಟ್ಯೂಬು ಸೀಳಿ ಮಾಡಿದ ಕಪ್ಪು ಪಟ್ಟಿಯೊಂದನ್ನು ಜೇಬಿನಿಂದ ತೆಗೆದು, ಸೈಡ್ ಸ್ಟ್ಯಾಂಡಿಗೂ ಅದರ ಮೇಲಿನ ಕೊಕ್ಕೆಗೂ ಸೇರಿಸಿ ಸುತ್ತಿದ. ಸುತ್ತಿ, ಎಳೆದು, ತುದಿಯನ್ನು ಸುತ್ತಿನೊಳಗೇ ತೂರಿಸಿ ಬಿಗಿದ. ಹೈಸ್ಕೂಲಿನಲ್ಲಿ ಗಣಿತ ಮಾಸ್ತರನಾಗಿದ್ದ ಅವನು ಉತ್ತರಪತ್ರಿಕೆಯ ಕಟ್ಟುಗಳಿಗೂ ಇದೇ ಗಂಟು ಹಾಕುತ್ತಿದ್ದ. ಹಾಕಿದವನಲ್ಲದೆ ಬೇರೆಯವರು ಬಿಚ್ಚಲಾಗದ ಗಂಟು ಅದು.

"ಅಲ್ಲೇನ್ ಮಾಡಕತ್ತೀರಿ?" ಅಮೃತ ಚೀಲ ಹಿಡಿದು ಬಾಗಿಲಿಗೆ ಬಂದಳು.

"ಏನಿಲ್ಲ. ಮಣ್ಣು ಹತ್ತಿತ್ತು, ಒರಸಕತ್ತಿದ್ದೆ."

ಅವಳು ಚೀಲವನ್ನು ಹಿಂದಿನ ಒರಗುಕಂಬಿಗೆ ಕಟ್ಟಿ, ಸೆರಗು ಸುತ್ತಿಕೊಂಡು ಏರಿ ಕುಳಿತಳು. ಪಂಚಮಿಗೆ ಕಮಲಾಪುರದ ತವರಿಗೆ ಹೊರಟಿದ್ದರು. ಗಾಡಿ ಬಂದಾಗಿನಿಂದ ಅವಳ ತಾಯಿ ಬಂಡೆಮ್ಮ, ಒಮ್ಮೆ ಮನಿ ಮುಂದ ತಂದು ನಿಲ್ಲಸ್ರಿ, ಆರತಿ ಮಾಡ್ತೀನಿ ಎಂದು ಹೇಳಿಕಳಿಸುತ್ತಲೇ ಇದ್ದಳು.

ಗಾಡಿ ಸೆಕೆಂಡ್‌ಹ್ಯಾಂಡಾದರೂ ಅಂತಿಂಥದ್ದಲ್ಲ. ಅಗಲವಾದ ಹ್ಯಾಂಡಲು, ಮುಂದಕ್ಕೆ ಚಾಚಿದ ಚಕ್ರ, ಹೊಳೆಯುವ ಟ್ಯಾಂಕು, ಹಿಂದೆ ಕುಳಿತವರಿಗೆ ಬೆನ್ನು ಆನಿಸಲು ಒರಗುಕಂಬಿ. ಮೈಯೆಲ್ಲ ಗೌಡರದು, ಎಂಜಿನ್ನು ಮಾತ್ರ ಮಾಸ್ತರನದು. ಏರು ಬಂದರೆ ಏದುಸಿರು ಬಿಡುತ್ತಿತ್ತು. ಇದನ್ನೇ ಯಾಕೆ ಕೊಂಡೆ ಎಂದು ಕೇಳಿದವರಿಗೆಲ್ಲ ಕಾಶಿರಾಯ ಸ್ಟೈಲಿನ ಮಾತಾಡುತ್ತಿದ್ದ. ನಿಜವೆಂದರೆ ಅದರ ಸೀಟು ತಗ್ಗಿತ್ತು. ಅವನ ಎರಡೂ ಪಾದ ಪೂರ್ತಿ ನೆಲಕ್ಕೆ ತಾಗುತ್ತಿದ್ದ ಗಾಡಿ ಇದೊಂದೇ.

ಅಮೃತ ಅವನಿಗಿಂತ ಗೇಣುದ್ದ ಎತ್ತರ. ಮದುವೆಯಲ್ಲಿ ಫೋಟೋದವನು ಮದುಮಗನ ಕಾಲಡಿಗೆ ಮಣೆ ಇಡಿಸಿದ್ದ. ಅದನ್ನು ತಂದಿಟ್ಟವನು ಅಮೃತಳ ತಮ್ಮ ಮಾಪಣ್ಣ. ತಂದಿಟ್ಟು ಸುಮ್ಮನಿರದೆ ನಕ್ಕಿದ್ದ. ಆ ನಗುವನ್ನು ಕಾಶಿರಾಯ ಇವತ್ತಿಗೂ ಮರೆತಿರಲಿಲ್ಲ. ಈ ಗಾಡಿಯ ಮೇಲೆ ಕುಳಿತರೆ ಮಾತ್ರ ಅವನು ಎಲ್ಲರ ಸಮಕ್ಕೆ ಬಂದಂತಾಗುತ್ತಿತ್ತು.

ಆದರೆ ಹಳೆ ಗಾಡಿ ಸಾಕುವುದು ಸುಲಭವಲ್ಲ. ಕಾರ್ಬೊರೇಟರ್ ಆಯಿತು, ಕ್ಲಚ್ ಕೇಬಲ್ ಆಯಿತು, ಕೊನೆಗೆ ಸೈಡ್ ಸ್ಟ್ಯಾಂಡಿನ ಸ್ಪ್ರಿಂಗು. ಮೋಮಿನಪುರದ ಮೆಕ್ಯಾನಿಕ್ ಮಕ್ಬೂಲ್ ಬೆರಳಿನಿಂದ ಅದನ್ನು ಮೀಟಿ ತೋರಿಸಿದ್ದ. "ಮಾಸ್ಟರ್ ಸಾಬ್, ಇದರಾಗ ಜಾನ್ ಇಲ್ಲ, ಸ್ಟ್ಯಾಂಡ್ ತಡಿಯಂಗಿಲ್ಲ. ಹೈದರಾಬಾದಿಂದ ತರಸ್ಬೇಕು. ತಬ್ ತಕ್, ಅದು ಬರೋತನ, ಡಬಲ್ ಸ್ಟ್ಯಾಂಡ್ ಮ್ಯಾಲೇ ನಿಲ್ಲಸ್ರಿ."

ಕಾಶಿರಾಯ ಹೂಂ ಎಂದಿದ್ದ. ಆದರೆ ಡಬಲ್ ಸ್ಟ್ಯಾಂಡ್ ಹಾಕಬೇಕೆಂದರೆ ಒಂದು ಕಾಲಲ್ಲಿ ತುಳಿದು, ಅಷ್ಟೂ ಭಾರವನ್ನು ಹಿಂದಕ್ಕೆ ಎತ್ತಿ ಎಳೆಯಬೇಕು. ಕಲಬುರಗಿಯ ಐವಾನ್-ಎ-ಶಾಹಿ ಬಡಾವಣೆಯ ತನ್ನ ಮನೆಯ ಹಿತ್ತಲಲ್ಲಿ, ಗೋಡೆಗೆ ಬೆನ್ನು ಕೊಟ್ಟು, ಬೆವರು ಸುರಿಸಿ ಹೇಗೋ ಹಾಕುತ್ತಿದ್ದ. ನಾಲ್ಕು ಜನರೆದುರು ಹಾಕಲು ಹೋಗಿ ಆಗದಿದ್ದರೆ? ಅದಕ್ಕೇ ಸ್ಪ್ರಿಂಗಿನ ಬದಲಿಗೆ ಈ ರಬ್ಬರ್ ಪಟ್ಟಿಯ ಉಪಾಯ.

ಹುಮನಾಬಾದ್ ರಸ್ತೆಯುದ್ದಕ್ಕೂ ಜಿಟಿಜಿಟಿ ಮಳೆ ಹಿಡಿದಿತ್ತು. ಕಮಲಾಪುರ ತಲುಪುವಷ್ಟರಲ್ಲಿ ನಿಂತಿತು. ಸಾರಿಸಿದ ಅಂಗಳ ಮಳೆಗೆ ಮೆತ್ತಗಾಗಿತ್ತು. ಬಂಡೆಮ್ಮ ಆರತಿ ತಟ್ಟೆ ಹಿಡಿದೇ ನಿಂತಿದ್ದಳು. ಅಕ್ಕಪಕ್ಕದ ಹೆಂಗಸರೂ ನೋಡಲು ಬಂದಿದ್ದರು.

"ಮಾಮಾ, ನೆಲ ಹಸಿ ಅದ. ಡಬಲ್ ಸ್ಟ್ಯಾಂಡ್ ಹಾಕ್ರಿ," ಎಂದ ಮಾಪಣ್ಣ. ಅಷ್ಟಕ್ಕೇ ಬಿಟ್ಟಿದ್ದರೆ ಏನಾಗುತ್ತಿತ್ತೋ, "ಬೇಕಂದ್ರ ನಾ ಹಾಕ್ತೀನಿ," ಎಂದೂ ಸೇರಿಸಿದ.

ಕಾಶಿರಾಯನಿಗೆ ಮಣೆ ನೆನಪಾಯಿತು. "ಬ್ಯಾಡ. ಈ ಗಾಡಿಗಿ ಸೈಡ್ ಸ್ಟ್ಯಾಂಡೇ ಛಂದ ಕಾಣ್ತದ," ಎಂದು ಕಾಲಿನಿಂದ ಸ್ಟ್ಯಾಂಡು ಒದ್ದು ಇಳಿದ.

ಬಂಡೆಮ್ಮ ಗಾಲಿಗೆ ನೀರು ಹಾಕಿದಳು, ದೀಪದ ಗಾಜಿಗೆ ವಿಭೂತಿ ಎಳೆದು ಕುಂಕುಮವಿಟ್ಟಳು, ಆರತಿ ಬೆಳಗಿದಳು. ಆಮೇಲೆ ಎಡಬದಿಗೆ ಬಂದು, ಚಕ್ರದ ಕೆಳಗೆ ನಿಂಬೆಹಣ್ಣು ಇಡಲು ಕುಳಿತಳು. ಅಮೃತ ಹಿಂದೆ ನಿಂತು ಚೀಲ ಬಿಚ್ಚುತ್ತಿದ್ದಳು. ಗಾಡಿ ತುಸು ಮುಂದಕ್ಕೆ ಸರಿಯಿತು. ಟಪ್ಪೆಂದು ಏನೋ ಹರಿದ ಸದ್ದು. ಸ್ಟ್ಯಾಂಡು ಮಡಚಿಕೊಂಡು ಗಾಡಿ ಬಂಡೆಮ್ಮನ ಕಾಲಿನ ಮೇಲೆ ಮಗುಚಿತು.

ಯಾರಿಗೂ ಏನೆಂದು ತಿಳಿಯುವ ಮೊದಲೇ ಕಾಶಿರಾಯನ ಬಾಯಿಂದ ಮಾತು ಹೊರಬಿದ್ದಿತ್ತು.

"ಚೀಲ ಯಾಕ ಜಗ್ಗಿದಿ? ಸ್ವಲ್ಪ ತಡಿ ಅಂತ ಹೇಳಿದ್ದಿಲ್ಲ ನಿನಗ?"

ಅವನು ಹಾಗೆ ಹೇಳಿಯೇ ಇರಲಿಲ್ಲ. ಅಮೃತ ಅವನ ಮುಖ ನೋಡಿದಳು, ಆಮೇಲೆ ನೆಲ ನೋಡಿದಳು. "ಹೌದು, ನಾನೇ ಜಗ್ಗಿದೆ," ಎಂದಳು.

ಕಾಶಿರಾಯ ಹ್ಯಾಂಡಲಿಗೆ ಕೈ ಹಾಕಿ ಎಳೆದ. ಗಾಡಿ ಜಪ್ಪಯ್ಯ ಎನ್ನಲಿಲ್ಲ. ಮಾಪಣ್ಣ ಬಂದು ಒಬ್ಬನೇ ಎತ್ತಿ ಗೋಡೆಗೆ ಆನಿಸಿದ. ಬಂಡೆಮ್ಮನನ್ನು ಜೀಪಿನಲ್ಲಿ ಕಲಬುರಗಿಗೆ ಕರೆತಂದರು. ಮೊಣಕಾಲ ಕೆಳಗಿನ ಎಲುಬು ಮುರಿದಿತ್ತು. ಪ್ಲಾಸ್ಟರ್ ಹಾಕಿಸಿಕೊಂಡು ಊರಿಗೆ ಮರಳಿದಾಗ ಅಮೃತಳೂ ತಾಯಿಯ ಆರೈಕೆಗೆಂದು ಜೊತೆಗೇ ಹೋದಳು. ಪಂಚಮಿಗೆ ಬಂದ ಮಗಳು ಹೆತ್ತವ್ವನ ಕಾಲು ಮುರಿದಳು ಎಂಬ ಮಾತು ಓಣಿಯಲ್ಲೆಲ್ಲ ಓಡಾಡಿತು. ಮಾಪಣ್ಣ ಅಕ್ಕನ ಜೊತೆ ನೆಟ್ಟಗೆ ಮಾತಾಡುವುದನ್ನೇ ಬಿಟ್ಟ.

ಮುಂದಿನ ರವಿವಾರ ಕಾಶಿರಾಯ ಕಮಲಾಪುರಕ್ಕೆ ಹೋದ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಉರುಹಚ್ಚಿದ್ದ. ಗಾಡಿಯನ್ನು ಗೋಡೆಗೆ ಆನಿಸಿ ಒಳಗೆ ಹೋದರೆ, ಬಂಡೆಮ್ಮ ಮಂಚದ ಮೇಲೆ ಕಾಲು ಚಾಚಿ ಮಲಗಿದ್ದಳು. ಅಳಿಯನನ್ನು ಕಂಡು ಏಳಲು ನೋಡಿದಳು. ತಲೆಗಿಂಬಿನ ಪಕ್ಕದಲ್ಲಿದ್ದ ಕೆಂಪು ಬಾಳೆಹಣ್ಣಿನ ಚಿಪ್ಪಿನಿಂದ ಒಂದನ್ನು ಮುರಿದು ಕೊಟ್ಟಳು. ಆಮೇಲೆ ದನಿ ತಗ್ಗಿಸಿದಳು.

"ಯಪ್ಪಾ, ಒಂದು ಮಾತು ನಡಸಿಕೊಡ್ರಿ. ಅಮೃತ ಬೇಕಂತ ಮಾಡಿಲ್ಲ. ಸಣ್ಣಾಕಿ ಇದ್ದಾಗಿಂದನೂ ಅಕಿದು ಗಡಿಬಿಡಿ ಕೈ. ಅಕಿ ಮ್ಯಾಲ ಸಿಟ್ಟು ಇಟ್ಕೋಬ್ಯಾಡ್ರಿ."

ಹೇಳಬೇಕಾದ ಮಾತು ಕಾಶಿರಾಯನ ನಾಲಿಗೆಯ ತುದಿಯಲ್ಲಿತ್ತು. ಆದರೆ ಬಾಗಿಲಲ್ಲಿ ಮಾಪಣ್ಣ ನಿಂತಿದ್ದ.

"ಇಲ್ಲ ಅತ್ತಿ, ನನಗೇನ್ ಸಿಟ್ಟಿಲ್ಲ. ಆಗಿದ್ದು ಆಯ್ತು," ಎಂದ.

ಎಂದುಬಿಟ್ಟ ಮೇಲೆ ಅವನಿಗೆ ತನ್ನ ಬಗ್ಗೆಯೇ ಹೇಸಿಕೆ ಹುಟ್ಟಿತು. ತಪ್ಪು ಮಾಡಿದವನು ತಾನು, ಕ್ಷಮೆ ಕೊಡುವ ದೊಡ್ಡಸ್ತಿಕೆಯೂ ತನ್ನದೇ. ಕಾಲು ಮುರಿಸಿಕೊಂಡ ಮುದುಕಿ ಸಮಾಧಾನದಿಂದ ಕೈ ಮುಗಿದಳು. ಅವನು ಬಾಳೆಹಣ್ಣನ್ನು ಸುಲಿಯದೆ ಮಂಚದ ಮೇಲಿಟ್ಟು ಎದ್ದ. ಹೊರಡುವಾಗ ಅಮೃತ ಶೇಂಗಾ ಉಂಡಿ ತುಂಬಿದ ಬಟ್ಟೆಯ ಚೀಲ ತಂದುಕೊಟ್ಟಳು. ಮುಖ ಸೊರಗಿತ್ತು. "ಹಬ್ಬದ್ದು ಉಳಿದಾವ. ಮನಿಗಿ ಹೋಗಿ ಬಿಚ್ರಿ," ಎಂದಷ್ಟೇ ಹೇಳಿ ಒಳಗೆ ಹೋದಳು.

ಸಂಜೆ ಮನೆಯಲ್ಲಿ ಚಹಾಕ್ಕೆ ನೀರಿಟ್ಟು ಕಾಶಿರಾಯ ಚೀಲ ಮುಂದೆಳೆದುಕೊಂಡ. ಅದರ ಬಾಯಿಗೆ ದಾರ ಕಟ್ಟಿರಲಿಲ್ಲ. ಕಪ್ಪು ರಬ್ಬರ್ ಪಟ್ಟಿಯೊಂದನ್ನು ಸುತ್ತಿದ್ದಳು. ಪಟ್ಟಿಯ ಒಂದು ಕಡೆ ಹರಿದು ಎಳೆಎಳೆಯಾಗಿತ್ತು, ಇನ್ನೊಂದು ಕಡೆ ಒಣಗಿದ ಅಂಗಳದ ಮಣ್ಣು ಹತ್ತಿದ ಗಂಟೊಂದು ಹಾಗೇ ಉಳಿದಿತ್ತು. ಉತ್ತರಪತ್ರಿಕೆಯ ಕಟ್ಟುಗಳ ಗಂಟು.

ಎಲ್ಲರೂ ಬಂಡೆಮ್ಮನನ್ನು ಎತ್ತುವ ಗದ್ದಲದಲ್ಲಿದ್ದಾಗ ಅಮೃತ ಬಗ್ಗಿದ್ದು ಈಗ ನೆನಪಾಯಿತು. ಬಿದ್ದ ನಿಂಬೆಹಣ್ಣು ಆರಿಸುತ್ತಿದ್ದಾಳೆಂದು ಅವನು ಅಂದುಕೊಂಡಿದ್ದ. ಇದನ್ನು ಅಲ್ಲೇ ಎತ್ತಿ ತೋರಿಸಿದ್ದರೆ ಅವಳ ಮೇಲೆ ಯಾರೂ ಬೆರಳು ಮಾಡುತ್ತಿರಲಿಲ್ಲ. ತೋರಿಸದೆ ಸೆರಗಿನಲ್ಲಿ ಮುಚ್ಚಿಕೊಂಡಿದ್ದಳು. ತಮ್ಮನ ಮುನಿಸನ್ನೂ ಓಣಿಯವರ ಮಾತನ್ನೂ ಇದೊಂದನ್ನು ಇಟ್ಟುಕೊಂಡೇ ನುಂಗಿದ್ದಳು. ಒಲೆಯ ಮೇಲಿನ ನೀರು ಕುದಿದು ಬತ್ತಿತು, ಅವನಿಗೆ ಗೊತ್ತಾಗಲಿಲ್ಲ. ಗಂಡಸಾಗಿ ಹುಟ್ಟಿ ಹೆಂಡತಿಯ ಸೆರಗಿನ ಹಿಂದೆ ಅಡಗಿ ಕುಳಿತೆನಲ್ಲ ಎಂದು ಒಬ್ಬನೇ ನಾಚಿ ಕುಗ್ಗಿದ.

ಬೆಳಗಾಗುತ್ತಲೇ ಶಾಲೆಗೆ ರಜೆ ಹೇಳಿಕಳಿಸಿ ಮತ್ತೆ ಗಾಡಿ ಹತ್ತಿದ. ಅಂಗಳಕ್ಕೆ ಬರುತ್ತಿದ್ದಂತೆ ಮಾಪಣ್ಣ ಎದುರಾದ.

"ನಿನ್ನೀನೆ ಹೋಗಿದ್ರಿ, ಮತ್ತ ಬಂದ್ರಿ?" ಎಂದವನು ಗಾಡಿಯ ಕಡೆ ನೋಡಿ, "ಡಬಲ್ ಸ್ಟ್ಯಾಂಡ್ ನಾ ಹಾಕ್ಲೇನ್ ಮಾಮಾ?" ಎಂದ.

"ಹಾಕಪ್ಪಾ. ನನ್ ಕೈಲೆ ಆಗಂಗಿಲ್ಲ."

ಮಾಪಣ್ಣ ನಗಲಿಲ್ಲ. ಹ್ಯಾಂಡಲು ತೆಗೆದುಕೊಂಡು ಒಂದೇ ಎಳೆತಕ್ಕೆ ಗಾಡಿ ಏರಿಸಿ ನಿಲ್ಲಿಸಿದ. "ನೀನೂ ಒಳಗ ಬಾ," ಎಂದು ಕಾಶಿರಾಯ ಅವನನ್ನೂ ಕರೆದ.

ಅಡುಗೆಮನೆಯಲ್ಲಿ ಅಮೃತ ರೊಟ್ಟಿ ಬಡಿಯುತ್ತಿದ್ದಳು. ಕಾಶಿರಾಯ ಮಂಚದ ಹತ್ತಿರ ನೆಲಕ್ಕೇ ಕುಳಿತು, ಜೇಬಿನಿಂದ ಪಟ್ಟಿ ತೆಗೆದು ಅತ್ತೆಯ ಕೈಯಲ್ಲಿಟ್ಟ. ಬಂಡೆಮ್ಮ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು, ಗಂಟಿನ ಮೇಲೆ ಬೆರಳಾಡಿಸಿದಳು.

"ಏನಪ್ಪಾ ಇದು?"

"ಅತ್ತಿ, ಇದು ನನ್ನ ಗಾಡಿದು," ಎಂದ ಕಾಶಿರಾಯ.

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು.