ಹೆಸರಿಡದವರು

"ನಾಲ್ಕಲ್ಲ," ಎಂದಳು ಚೂಡಾಮಣಿ ಅಡುಗೆಮನೆಯ ಬಾಗಿಲಿನಿಂದ. "ಎಂಟು ಅಂತ ಬರೀರಿ."

ಶ್ಯಾಮಣ್ಣ ಮೇಷ್ಟ್ರ ಲೇಖನಿ ನಿಂತಿತು. ನಲವತ್ತೊಂದನೆಯ ಇಸವಿಯ ಜನಗಣತಿಗೆ ಮಂಡ್ಯದ ಗುತ್ತಲಿನ ಈ ಬೀದಿ ಅವರ ಪಾಲಿಗೆ ಬಂದಿತ್ತು. ಊರವರದೆಲ್ಲ ಮುಗಿಸಿ ಕೊನೆಗೆ ಸ್ವಂತ ಮನೆಯ ಚೀಟಿ ತುಂಬುತ್ತಿದ್ದರು. ಹೆಂಗಸರಿಗೆ ಈ ಸಲ ಹೊಸ ಪ್ರಶ್ನೆ: ಹೆತ್ತದ್ದೆಷ್ಟು, ಉಳಿದದ್ದೆಷ್ಟು. ಅಂದು ಬೆಳಗ್ಗೆ ಗಾಡಿಯ ಹೊನ್ನಯ್ಯ, "ಉಳ್ದಿರೋವು ಮೂರು, ಅಷ್ಟೇ ಬರ್ಕಳಿ ಸಾಮಿ. ಓದವುನ್ನ ಯಾಕೆ ಕರೀತೀರಿ?" ಎಂದಾಗ, ಸತ್ತವರನ್ನೂ ಹೇಳಲೇಬೇಕೆಂದು ಅರ್ಧ ಗಂಟೆ ಬುದ್ಧಿ ಹೇಳಿ ಬಂದಿದ್ದರು. ತಮ್ಮ ಹೆಂಡತಿಯನ್ನು ಮಾತ್ರ ಒಂದು ಮಾತೂ ಕೇಳದೆ ಬರೆದುಬಿಟ್ಟಿದ್ದರು. ಅಂಥ ಬುದ್ಧಿವಂತರು.

"ಹನ್ನೊಂದು ದಿನ ತುಂಬದ್ದು, ಹೆಸರಿಡದ್ದು, ಅವನ್ನೆಲ್ಲ ಲೆಕ್ಕಕ್ಕೆ ಹಿಡೀತಾರೇನೇ?" ಎಂದರು ನಡುಮನೆಯಲ್ಲಿ ಜಪಕ್ಕೆ ಕುಳಿತಿದ್ದ ಮೇಷ್ಟ್ರ ತಾಯಿ ತಿರುಮಲಮ್ಮ. ಆ ಮನೆಯ ರೂಢಿಯೇ ಹಾಗೆ. ನಾಮಕರಣಕ್ಕೆ ಮುಂಚೆ ಹೋದ ಕೂಸನ್ನು ಮಣ್ಣು ಮಾಡಿ ಬಂದರೆ ಮತ್ತೆ ಅದರ ಸುದ್ದಿ ಎತ್ತುವಂತಿರಲಿಲ್ಲ.

"ನಾಲ್ವರಿಗೆ ಹೆಸರಿಟ್ರಿ. ಅದರಲ್ಲಿ ಇಬ್ಬರನ್ನ ಚಳಿಜ್ವರ ತಗೊಂಡು ಹೋಯ್ತು. ಹೆಸರಿಡದ ನಾಲ್ವರನ್ನ ಹೆತ್ತವಳು ನಾನಲ್ವೇ ಅಮ್ಮ?"

ನಾಲೆಯ ನೀರು ಬಂದಮೇಲೆ ಮಂಡ್ಯದ ಸುತ್ತ ಗದ್ದೆ ಹಸಿರಾಯಿತು, ಕಬ್ಬು ಬಂತು. ಹಿಂದೆಯೇ ಸೊಳ್ಳೆಯೂ ಜ್ವರವೂ ಬಂದವು. ತೊಟ್ಟಿಲು ಬರಿದಾದಾಗಲೆಲ್ಲ ಬೇಗ ಇನ್ನೊಂದಾಗಲಿ ಎಂದು ಬೀದಿಯೇ ಹರಸುತ್ತಿತ್ತು. ಇಪ್ಪತ್ತೆಂಟರ ಚೂಡಾಮಣಿಗೆ ಈಗ ಒಂಬತ್ತನೆಯ ಬಸಿರು, ಏಳು ತಿಂಗಳು. ಕಾಲು ಊದಿದ್ದವು, ಮುಖದಲ್ಲಿ ರಕ್ತವಿರಲಿಲ್ಲ. ಹೆರಿಗೆ ಮೈಸೂರಿನ ಆಸ್ಪತ್ರೆಯಲ್ಲೇ ಆಗಬೇಕು, ಮತ್ತೆ ಮಕ್ಕಳಾಗದಂತೆ ಆಪರೇಷನ್ನೂ ಆಗಬೇಕು, ಇನ್ನೊಂದು ಹೆತ್ತರೆ ಈಕೆ ಉಳಿಯುವುದಿಲ್ಲ ಎಂದು ಡಾಕ್ಟರಮ್ಮ ಕಾಗದ ಕೊಟ್ಟಿದ್ದರು. ಅದಕ್ಕೆ ಗಂಡನ ರುಜು ಬೇಕಿತ್ತು. ಉಳಿದವರಿಬ್ಬರೂ ಹೆಣ್ಣು, ತಿರುಮಲಮ್ಮನಿಗೆ ಮೊಮ್ಮಗ ಬೇಕಿತ್ತು. ಮೇಷ್ಟ್ರು "ನೋಡೋಣ, ನೋಡೋಣ" ಎಂದು ದಿನ ದೂಡಿದರು. ನಾಲ್ಕು ದಿನದ ಹಿಂದೆ ಗೋಡೆಯ ಗೂಡಿನಲ್ಲಿಟ್ಟಿದ್ದ ಆ ಕಾಗದವೇ ಕಾಣೆಯಾಯಿತು. ಚೂಡಾಮಣಿ ಅಕ್ಕಿಯ ಡಬ್ಬಕ್ಕೂ ಕೈ ಹಾಕಿ ಹುಡುಕಿದ್ದಳು.

"ಮುಂದಿನ ಗಣತಿಗೆ ನಾನಿರಲ್ಲ," ಎಂದಳು. "ಇದೊಂದು ಸಲ ಸರಿಯಾಗಿ ಬರೀರಿ."

ಶ್ಯಾಮಣ್ಣ ನಾಲ್ಕನ್ನು ಹೊಡೆದು ಎಂಟು ಬರೆದರು. ಹೆಂಡತಿಯ ಮುಖ ನೋಡುವ ಧೈರ್ಯವಾಗದೆ ತಾಯಿಯ ಚೀಟಿ ಎಳೆದುಕೊಂಡರು.

"ಅಮ್ಮ, ನಿಂದು?"

"ನೀನು, ನಿಮ್ಮಕ್ಕ. ಇಬ್ಬರು."

"ಅದು ಉಳಿದದ್ದು. ಹೆತ್ತದ್ದು?"

"ಈಗ್ಯಾಕೋ ಅದೆಲ್ಲ?" ಎಂದರು ತಿರುಮಲಮ್ಮ. ಆದರೆ ಬೆರಳ ಗೆಣ್ಣುಗಳ ಮೇಲೆ ಜಪ ಎಣಿಸುತ್ತಿದ್ದ ಹೆಬ್ಬೆರಳು ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಮೊದಲ ಗೆಣ್ಣಿಗೆ ಮರಳಿತು. ಒಂದೊಂದು ಗೆಣ್ಣಿಗೆ ಒಂದೊಂದು ಹೆಸರು ಹೇಳಿದರು. ಐದಕ್ಕೆ ಹೆಸರುಗಳು ಮುಗಿದವು. ಬೆರಳು ಮಾತ್ರ ಮುಂದೆ ಹೋಯಿತು: ಆರು, ಏಳು, ಎಂಟು. ಒಂಬತ್ತಕ್ಕೆ ತಡೆಯಿತು.

"ಇದಕ್ಕೆ ತಲೆ ತುಂಬ ಕೂದಲಿತ್ತು ಕಣೋ," ಎಂದರು. "ಮೂರು ದಿನ ಇತ್ತು."

ಚೂಡಾಮಣಿ ಬಾಗಿಲ ಚೌಕಟ್ಟು ಹಿಡಿದು ನಿಧಾನವಾಗಿ ಹೊಸ್ತಿಲ ಮೇಲೆ ಕುಳಿತಳು. ಅವಳ ಊದಿದ ಕಾಲುಗಳನ್ನು ತಿರುಮಲಮ್ಮ ಬಹಳ ಹೊತ್ತು ನೋಡಿದರು. ಆಮೇಲೆ ತುಸು ಎದ್ದು, ಕುಳಿತಿದ್ದ ಮಣೆಯ ಕೆಳಗಿಂದ ನಾಲ್ಕು ಮಡಿಕೆಯ ಕಾಗದವೊಂದನ್ನು ಎಡಗೈಯಲ್ಲಿ ತೆಗೆದು ಮಗನ ಮುಂದಿಟ್ಟರು.

"ಮೊದಲು ಇದಕ್ಕೆ ರುಜು ಹಾಕು, ಶ್ಯಾಮಾ."

ಮೇಷ್ಟ್ರು ಮಡಿಕೆ ಬಿಡಿಸಿ, ಲೇಖನಿಯನ್ನು ಮಸಿಗೆ ಅದ್ದಿದರು. ತಿರುಮಲಮ್ಮನ ಹೆಬ್ಬೆರಳು ಇನ್ನೂ ಒಂಬತ್ತನೆಯ ಗೆಣ್ಣಿನ ಮೇಲೇ ಇತ್ತು.