ಏಪ್ರನ್ ಜೇಬಿನಲ್ಲಿ ಉಳಿದ ಪಟ್ಟಿ

ಆ ಶುಕ್ರವಾರ ಪಟಾಕಿಯ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಐವತ್ತೆಂಟು ಸಹಿ ಕೈಯಲ್ಲಿದ್ದವು. ಇನ್ನು ಹದಿಮೂರು ಸಿಕ್ಕರೆ ಕೆಲಸಗಾರರ ಸಂಘ ಹುಟ್ಟಿದಂತೆಯೇ ಲೆಕ್ಕ. ಅವಳಿಗೆ ಪಟಾಕಿ ಎಂದು ಅಡ್ಡಹೆಸರಿಟ್ಟವರು ಸುಮ್ಮನೆ ಇಟ್ಟಿರಲಿಲ್ಲ. ಇಪ್ಪತ್ತೆರಡು ವರ್ಷ ಇಸ್ತ್ರಿ ಮೇಜಿನ ಮುಂದೆ ನಿಂತು ಸೊಂಟ ಸೋತಿತ್ತೇ ಹೊರತು ಬಾಯಿ ಸೋತಿರಲಿಲ್ಲ.

ಅದು ಆಸ್ಪತ್ರೆಗಳ ಹೊದಿಕೆ, ಕೋಟುಗಳನ್ನು ಒಗೆಯುವ ದೊಡ್ಡ ಲಾಂಡ್ರಿ. ನೂರಾನಲವತ್ತು ಜನ ಕೆಲಸಗಾರರು. ಬಟ್ಟೆಯೊಳಗೆ ಸೂಜಿಗಳು ಬರುತ್ತಿದ್ದವು, ಕೈಗೆ ಚುಚ್ಚುತ್ತಿದ್ದವು. ದಪ್ಪ ಕೈಗವಸು ಕೊಡಿ ಎಂದು ಮೂರು ವರ್ಷದಿಂದ ಕೇಳಿ ಕೇಳಿ ಎಲ್ಲರಿಗೂ ಸಾಕಾಗಿತ್ತು. ಎಪ್ಪತ್ತೊಂದು ಜನ ಸಹಿ ಹಾಕಿದರೆ ಮಾಲೀಕರು ಮಾತುಕತೆಗೆ ಕೂರಲೇಬೇಕು. ಗಡುವು ಶನಿವಾರ ಮಧ್ಯಾಹ್ನ ಹನ್ನೆರಡು ಗಂಟೆ.

ಹಿಂದಿನ ಸಂಜೆ ಪಟಾಕಿಯ ಅಡುಗೆಮನೆಯಲ್ಲಿ ಒಂದು ಪಟ್ಟಿ ತಯಾರಾಗಿತ್ತು. ಅವಳ ನಾದಿನಿ ಅದೇ ಲಾಂಡ್ರಿಯ ಆಫೀಸಿನಲ್ಲಿ ಗುಮಾಸ್ತೆ. ಇನ್ನೂ ಸಹಿ ಹಾಕದ ಎಂಬತ್ತೆರಡು ಜನರ ಹೆಸರು, ಮನೆ ವಿಳಾಸ, ಫೋನ್ ನಂಬರುಗಳನ್ನು ಅವಳು ರಿಜಿಸ್ಟರಿನಿಂದ ಕದ್ದು ಬರೆದು ತಂದಿದ್ದಳು. "ಅತ್ತಿಗೆ, ನನ್ನ ಹೆಸರು ಮಾತ್ರ ಎಲ್ಲೂ ಬರಬಾರದು" ಎಂದು ಹತ್ತು ಸಲ ಹೇಳಿದ್ದಳು. ದೊಡ್ಡ ಸಂಘದಿಂದ ಸಹಾಯಕ್ಕೆ ಬಂದಿದ್ದ ಕನ್ನಡಕದಣ್ಣನಿಗಂತೂ ಸ್ವರ್ಗಕ್ಕೆ ಮೂರೇ ಗೇಣು.

"ಒಳಗಡೆ ಕೇಳಿದ್ರೆ ನಾಳೆ ನೋಡೋಣ ಅಂತಾರೆ. ಮನೆ ಬಾಗಿಲಲ್ಲೇ ಹೋಗಿ ನಿಂತ್ರೆ ಇಲ್ಲ ಅನ್ನೋಕೆ ಬಾಯಿ ಬರಲ್ಲ" ಎಂದ ಅವನು. "ಒಬ್ಬೊಬ್ಬರ ಹೆಸರಿನ ಮುಂದೂ ಬರ್ಕೊಳ್ಳಿ. ಯಾರನ್ನ ಎಲ್ಲಿ ಹಿಡೀಬೇಕು ಅಂತ."

ಪಟಾಕಿ ಹುರುಪಿನಿಂದ ಬರೆದಳು. ಯಾರ ಅತ್ತೆ ಜೋರು, ಯಾರ ಗಂಡ ಕುಡಿಯುತ್ತಾನೆ, ಯಾರ ಮಗಳು ಮನೆಗೆ ವಾಪಸಾಗಿದ್ದಾಳೆ, ಎಲ್ಲವೂ ಅವಳ ನಾಲಿಗೆಯ ತುದಿಯಲ್ಲಿತ್ತು. ನಿಜ ಹೇಳಬೇಕೆಂದರೆ ಆ ಸಂಜೆ ಅವಳಿಗೆ ಬಹಳ ಖುಷಿಯಾಗಿತ್ತು.

ಈಗ ಆದ ಎಡವಟ್ಟು ನೋಡಿ. ಪ್ರತಿ ಶುಕ್ರವಾರ ಹನ್ನೊಂದಕ್ಕೆ ಕೆಲಸಗಾರರ ಏಪ್ರನ್‌ಗಳೂ ಒಗೆತಕ್ಕೆ ಹೋಗುತ್ತವೆ. ಸಡಗರದಲ್ಲಿದ್ದ ಪಟಾಕಿ ತನ್ನದನ್ನು ಬಿಚ್ಚಿ ತಳ್ಳುಗಾಡಿಗೆ ಎಸೆದಳು. ಜೇಬು ನೋಡದೆ ಬಟ್ಟೆ ಹಾಕಿದವರಿಗೆ ಇಪ್ಪತ್ತೆರಡು ವರ್ಷ ಬೈದವಳು ತನ್ನ ಜೇಬನ್ನೇ ಮರೆತಳು. ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಪಟ್ಟಿಗಾಗಿ ಸೊಂಟ ತಡಕಿದರೆ ಅಲ್ಲಿ ಏನಿದೆ? ಬರೀ ಸೀರೆ.

ಜೇಬುಗಳಲ್ಲಿ ಸಿಕ್ಕಿದ್ದೆಲ್ಲ ಒಂದು ಡಬ್ಬಿಗೆ ಬೀಳುತ್ತದೆ, ಆ ಡಬ್ಬಿ ಹನ್ನೆರಡಕ್ಕೆ ಸರಿಯಾಗಿ ಆಫೀಸಿಗೆ ಹೋಗುತ್ತದೆ. ಪಟಾಕಿ ಬಿದ್ದಂಬೀಳ ಓಡಿದಳು. ಒಗೆಯುವ ಡ್ರಮ್ಮುಗಳ ನಡುವೆ, ಬಿಸಿ ಹಬೆಯೊಳಗೆ, ಒದ್ದೆ ನೆಲದ ಮೇಲೆ ಎರಡು ಸಲ ಜಾರಿ, ಸೂಪರ್‌ವೈಸರ್ "ಏನಮ್ಮ, ಬೆಂಕಿ ಬಿತ್ತಾ?" ಎಂದು ಕೂಗಿದ್ದೂ ಕೇಳಿಸದೆ, ಬಟ್ಟೆ ವಿಂಗಡಿಸುವ ಮೇಜಿನ ಮುಂದೆ ಹೋಗಿ ನಿಂತಳು.

ಅಲ್ಲಿದ್ದವಳು ಜೇಬಕ್ಕ. ಬಂದ ಬಟ್ಟೆಗಳ ಜೇಬು ನೋಡುವುದೇ ಅವಳ ಕೆಲಸ. ಡಾಕ್ಟರುಗಳ ಕೋಟಿನಲ್ಲಿ ಪ್ರೇಮಪತ್ರ, ರಾಜೀನಾಮೆ, ಬೇರೆ ಯಾರದೋ ಫೋಟೋ, ಏನೇನೋ ಸಿಗುತ್ತಿದ್ದವು. ಒಂಬತ್ತು ವರ್ಷದಲ್ಲಿ ಅವಳು ಒಂದರ ಬಗ್ಗೆಯೂ ಬಾಯಿ ಬಿಟ್ಟಿರಲಿಲ್ಲ. ಎಷ್ಟು ಪುಸಲಾಯಿಸಿದರೂ "ಅವರ ಜೇಬು, ಅವರ ವಿಷಯ" ಎಂದಷ್ಟೇ ಹೇಳಿ ಮುಂದಿನ ಕೋಟಿಗೆ ಕೈ ಹಾಕುತ್ತಿದ್ದಳು. ಸೂಜಿ ಹೆಚ್ಚು ಚುಚ್ಚಿದ್ದೂ ಆ ಕೈಗೇ.

"ಡಬ್ಬಿಗೆ ಹಾಕಿಲ್ಲ ಅಕ್ಕಾ" ಎಂದಳು ಜೇಬಕ್ಕ. ಮಡಿಸಿದ ಹಾಳೆಗಳು ಅವಳ ಅಂಗೈ ಕೆಳಗಿದ್ದವು. "ಡಬ್ಬಿ ರಶೀದಿ ದಿನಾ ನಿಮ್ಮ ನಾದಿನೀನೇ ಬರೀತಾಳೆ. ಇಲ್ಲಿ ಆ ರಶೀದಿ ನೋಡೋಳು ನಾನೊಬ್ಬಳೇ, ಅಕ್ಷರ ಗುರುತು ಸಿಕ್ತು. ಅವಳ ಕೆಲಸ ಹೋಗೋದು ಬೇಡ."

"ಅಯ್ಯೋ, ನನ್ನಮ್ಮಾ! ಪುಣ್ಯ ಬರಲಿ ನಿಮಗೆ" ಎಂದು ಪಟಾಕಿ ಕೈಚಾಚಿದಳು.

ಜೇಬಕ್ಕ ಅಂಗೈ ಎತ್ತಲಿಲ್ಲ. "ನಾನು ಯಾರ ಕಾಗದಾನೂ ಓದಲ್ಲ. ಆದ್ರೆ ಇದರಲ್ಲಿ ನನ್ನ ಹೆಸರೇ ಕಣ್ಣಿಗೆ ಬಿತ್ತು. ಆ ವಿಳಾಸ ನಾನು ಆಫೀಸಿಗೆ ಬಿಟ್ಟು ಬೇರೆ ಯಾರಿಗೂ ಕೊಟ್ಟಿಲ್ಲ. ಒಡಹುಟ್ಟಿದವರಿಗೂ ಕೊಟ್ಟಿಲ್ಲ. ಯಾಕೆ ಅಂತ ಕೇಳ್ಬೇಡಿ. ಅದರ ಮುಂದೆ ಪೆನ್ಸಿಲ್ಲಲ್ಲಿ ಬರೆದಿದ್ದು ಯಾರು?"

ಅಲ್ಲಿ ಬರೆದಿದ್ದದ್ದು ಇಷ್ಟು: 'ಒಂಟಿ ಹೆಂಗಸು. ಸುಲಭ.'

ಕನ್ನಡಕದಣ್ಣ ಹೇಳಿಸಿದ ಎನ್ನಬಹುದಿತ್ತು. ಆ ಮಾತು ಪಟಾಕಿಯ ಗಂಟಲವರೆಗೂ ಬಂತು. ಆದರೆ ಬರೆದವಳು ತಾನೇ, ಬರೆಯುವಾಗ ನಕ್ಕಿದ್ದೂ ತಾನೇ. "ನಾನೇ" ಎಂದಳು. ಅವಳಿಗೆ ಅಷ್ಟು ನಾಚಿಕೆ ಎಂದೂ ಆಗಿರಲಿಲ್ಲ.

"ಸರಿ" ಎಂದು ಜೇಬಕ್ಕ ಹಾಳೆಗಳನ್ನು ಕೊಟ್ಟುಬಿಟ್ಟಳು. ಬೈದಿದ್ದರೆ ವಾಸಿಯಿತ್ತು.

ಜೇಬಕ್ಕ ಯಾಕೆ ವಿಳಾಸ ಮುಚ್ಚಿಟ್ಟಿದ್ದಳು ಎಂದು ಕೇಳಿದರೆ ಹೇಳಲು ನನಗೂ ಗೊತ್ತಿಲ್ಲ. ಗೊತ್ತಿದ್ದರೂ ಹೇಳುತ್ತಿರಲಿಲ್ಲ.

ಪಟ್ಟಿಯ ವಿಷಯ ಎಲ್ಲರ ಮುಂದೆ ಒಪ್ಪಿಕೊಂಡುಬಿಡುತ್ತೇನೆ ಎಂದು ಪಟಾಕಿ ಫೋನಿನಲ್ಲಿ ಹೇಳಿದಾಗ ಕನ್ನಡಕದಣ್ಣ ಹೌಹಾರಿದ. "ನಿಮಗೇನು ತಲೆ ಕೆಟ್ಟಿದೆಯಾ? ಮೊದಲು ಗೆಲ್ಲೋಣ, ಆಮೇಲೆ ಪಟ್ಟಿ ಸುಟ್ಟುಬಿಡೋಣ!"

"ಗೆದ್ದಮೇಲೆ ಇದೇ ಮುಖ ಇಟ್ಕೊಂಡು ನಾನು ಇಲ್ಲೇ ಕೆಲಸ ಮಾಡಬೇಕಣ್ಣಾ" ಎಂದು ಅವಳು ಫೋನ್ ಇಟ್ಟಳು.

ಊಟದ ಬಿಡುವಿನಲ್ಲಿ ಬೆಂಚು ಹತ್ತಿ ನಿಂತಳು. ಒಂದು ಕೈಯಲ್ಲಿ ಪಟ್ಟಿ, ಇನ್ನೊಂದರಲ್ಲಿ ದಾರ ಕತ್ತರಿಸುವ ಕತ್ತರಿ. "ನಿಮ್ಮ ಮನೆ ವಿಳಾಸ ಕದ್ದು ತರಿಸಿದ್ದು ನಾನು. ತಂದುಕೊಟ್ಟವರ ಹೆಸರು ಹೇಳಲ್ಲ. ನಿಮ್ಮ ಬಗ್ಗೆ ಇಲ್ಲಸಲ್ಲದ್ದು ಬರೆದಿದ್ದೂ ನಾನೇ. ಸಾಲಾಗಿ ಬನ್ನಿ, ನಿಮ್ಮ ನಿಮ್ಮ ಸಾಲು ಕತ್ತರಿಸಿ ನಿಮ್ಮ ಕೈಗೇ ಕೊಡ್ತೀನಿ. ಓದ್ಕೊಂಡು ನನಗೆ ಏನು ಬೇಕಾದ್ರೂ ಅನ್ನಿ."

ಶುರುವಾಯಿತು ನೋಡಿ ಗಲಾಟೆ, ಸೂರು ಹಾರಿಹೋಗುವಷ್ಟು! ಮೊದಲೇ ಸಹಿ ಹಾಕಿದ್ದ ನಾಲ್ವರು ಮುನ್ನುಗ್ಗಿ ತಮ್ಮ ಹೆಸರು ಹೊಡೆದುಹಾಕಿದರು. ಐವತ್ತೆಂಟು ಐವತ್ನಾಲ್ಕಾಯಿತು. ಆದರೂ ಪಟಾಕಿಯ ಕತ್ತರಿ ನಿಲ್ಲಲಿಲ್ಲ. ಬಟ್ಟೆ ಮಡಿಸುವವಳೊಬ್ಬಳು ತನ್ನ ಚೀಟಿಯನ್ನು ತಾನೇ ಗಟ್ಟಿಯಾಗಿ ಓದಿದಳು: "'ಬಾಯಿಬಡುಕಿ, ಇವಳಿಗೆ ಕೊನೆಗೆ ಹೇಳಬೇಕು'! ನಾನಾ? ಹೇಳ್ತಿರೋದು ಯಾರು ಅಂತ ನೋಡ್ರೇ!" ಎಲ್ಲರೂ ಗೊಳ್ಳೆಂದು ನಕ್ಕರು.

ಬಾಯ್ಲರಣ್ಣ ನಗಲಿಲ್ಲ. ತಿಂಗಳಿಂದ ಸಹಿ ಹಾಕದೆ ಸತಾಯಿಸಿದ್ದವನು ಅವನು. ಅವನ ಚೀಟಿಯಲ್ಲಿ 'ತಾಯಿಯ ಕಾಯಿಲೆ ಮಾತೆತ್ತಿದರೆ ಕರಗುತ್ತಾನೆ' ಎಂದಿತ್ತು.

"ಇದು ಬರೆದಿದ್ದು ತಪ್ಪು" ಎಂದ, ಕಣ್ಣು ಕೆಂಪಗೆ ಮಾಡಿ.

"ತಪ್ಪೇ ಅಣ್ಣಾ."

ಅವನು ಚೀಟಿಯನ್ನು ಚೂರು ಚೂರು ಮಾಡಿದ. "ಆಫೀಸಿನವರು ನನ್ನ ಬಗ್ಗೆ ಏನೇನು ಬರೆದಿಟ್ಟಿದಾರೋ, ಯಾವತ್ತಾದ್ರೂ ಕತ್ತರಿಸಿ ನನ್ನ ಕೈಗೆ ಕೊಟ್ಟಿದಾರಾ? ನೀನಾದ್ರೂ ಕೊಟ್ಟೆ. ಎಲ್ಲಿ, ಸಹಿ ಹಾಕೋ ಹಾಳೆ ತಾ."

ಅಲ್ಲಿಂದ ಪೆನ್ನು ಕೆಳಗಿಳಿಯಲಿಲ್ಲ. ಅರವತ್ತು, ಅರವತ್ತೈದು. ಸಿಟ್ಟು ಇಳಿದವರು ಹಾಕಿದರು, ಸಿಟ್ಟು ಇಳಿಯದವರು ಬೈಯುತ್ತಲೇ ಹಾಕಿದರು. ಸಂಜೆ ಗಂಟೆ ಹೊಡೆಯುವಾಗ ಎಪ್ಪತ್ತು! ಇನ್ನೊಂದೇ ಒಂದು.

ಜೇಬಕ್ಕ ಹೊರಗೆ ಹೋಗುವ ಬಾಗಿಲಲ್ಲಿ ಎದುರಾದಳು. ಪೆನ್ನು ಪಟಾಕಿಯ ಕೈಯಲ್ಲೇ ಇತ್ತು. ನಾಲಿಗೆ ಕಚ್ಚಿಕೊಂಡು ದಾರಿ ಬಿಟ್ಟಳು.

"ನನ್ನನ್ನ ಕೇಳಲ್ವಾ?" ಎಂದಳು ಜೇಬಕ್ಕ.

"ಕೇಳೋ ಮುಖ ಇಲ್ಲ."

ಜೇಬಕ್ಕ ಒಂದು ಖಾಲಿ ಚೀಟಿ ತೆಗೆದು ಅವಳ ಮುಂದೆ ಹಿಡಿದಳು. "ನಿಮ್ಮ ಮನೆ ಎಲ್ಲಿ? ಬರೆದುಕೊಡಿ. ಕೇಳೋದು ಬಹಳ ಇದೆ. ಸಹಿ ಹಾಕ್ತೀನಿ ಅಂತ ಮಾತು ಕೊಡ್ತಿಲ್ಲ."

ಬೀದಿ, ತಿರುವು, ಎರಡನೇ ಮಹಡಿ, ಹಸಿರು ಬಾಗಿಲು ಎಂದು ಪಟಾಕಿ ಬರೆದುಕೊಟ್ಟಳು.

ಶನಿವಾರ ಬೆಳಗ್ಗೆಯಿಂದ ಅವಳು ಬಾಗಿಲಿಗೂ ಗಡಿಯಾರಕ್ಕೂ ಓಡಾಡಿದ್ದೇ ಓಡಾಡಿದ್ದು. ಕನ್ನಡಕದಣ್ಣ ಕೆಳಗೆ ಸ್ಕೂಟರಿನ ಮೇಲೆ ಕೂತು ಉಗುರು ಕಚ್ಚುತ್ತಿದ್ದ. ಹನ್ನೊಂದಕ್ಕೆ ಜೇಬಕ್ಕ ಬಂದಳು. ಆಫೀಸಿನವರಿಗೆ ಹೆಸರು ಗೊತ್ತಾಗುತ್ತದಾ, ಹಾಳೆ ಯಾರ ಹತ್ತಿರ ಇರುತ್ತದೆ, ಬೇಡವೆನಿಸಿದರೆ ಬಿಡಬಹುದಾ ಎಂದು ಒಂದೊಂದಾಗಿ ಕೇಳಿದಳು. ಪಟಾಕಿ ಜೀವಮಾನದಲ್ಲೇ ಮೊದಲ ಸಲ ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟಳು. ಹನ್ನೊಂದೂವರೆಗೆ ಜೇಬಕ್ಕ, ಸೂಜಿ ಚುಚ್ಚಿದ ಗುರುತುಗಳಿದ್ದ ಬೆರಳುಗಳಲ್ಲಿ ಪೆನ್ನು ಹಿಡಿದು, ಎಪ್ಪತ್ತೊಂದನೆಯ ಸಹಿ ಹಾಕಿದಳು.

ಪಟಾಕಿ ಹಾಳೆ ಎದೆಗವಚಿಕೊಂಡು ಮೆಟ್ಟಿಲಿನತ್ತ ಹಾರಿದಳು. "ಅಕ್ಕಾ, ಒಂದು ನಿಮಿಷ" ಎಂದು ಜೇಬಕ್ಕ ಕರೆದು, ನಿನ್ನೆಯ ಚೀಟಿಯನ್ನು ಅವಳ ಕೈಗಿಟ್ಟಳು.

"ನಿಮ್ಮ ವಿಳಾಸ. ದಾರಿ ಗೊತ್ತಾಯ್ತಲ್ಲ, ಇನ್ನು ಇದು ನನ್ನ ಹತ್ತಿರ ಇರೋದು ಬೇಡ" ಎಂದಳು.